ಕೈ ನಡುಗದ ದಿನ

ಹಿಲ್ಲೂರು
೧೪-೧೧-೨೦೨೪

ಚಿ. ಸೌ. ಯೋಗಿತಾಳಿಗೆ ಅಪ್ಪ ದೇವ ಮಾಡುವ ಆಶೀರ್ವಾದ.

ನಿನ್ನ ಮದುವೆಯಾಗಿ ಆರು ತಿಂಗಳಿಗೆ ಬರೆಯುತ್ತಿದ್ದೇನೆ, ತಡವಾಯಿತು. ಫೋನನ್ನು ನೀನು ಎತ್ತುವುದಿಲ್ಲ. ಪೆನ್ನು ನನ್ನ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಈಗ ಮಾತ್ರೆಯಿಂದ ತುಸು ನಿಂತಿದೆ, ಅಕ್ಷರ ಗುಡ್ಡ ಹತ್ತಿದರೆ ನಗಬೇಡ. ಇಲ್ಲಿ ಗದ್ದೆ ಕೊಯ್ಲು ಅರ್ಧ ಮುಗಿಯಿತು. ನಿನ್ನ ಅವ್ವಿ ಆರಾಮಿದ್ದಾಳೆ. ಚೌತಿಗೆ ನೀನು ಬರುತ್ತೀ ಎಂದು ಅಂಕೋಲೆ ಸ್ಟ್ಯಾಂಡಿನಲ್ಲಿ ಕಾರವಾರದ ನಾಲ್ಕು ಬಸ್ಸು ನೋಡಿ ವಾಪಸು ಬಂದೆ. "ಆ ಕುಡ್ಕನ ಮನೆಗೆ ನಾ ಬರೂದಿಲ್ಲಾ" ಅಂದೆಯಂತೆ.

ಕುಡುಕ! ಹತ್ತು ವರ್ಷದಿಂದ ಕೇಳುತ್ತಿದ್ದೇನೆ. ಹೊಟೇಲಿನಲ್ಲಿ ಚಾ ಚೆಲ್ಲಿದರೆ ನೆರೆಮನೆಯ ತಿಮ್ಮು, "ಏನಾ ದೇವಾ, ಬೆಳಗಾಗೂದ್ರೊಳಗೇ ಏರಸ್ಕಂಡ್ಯಾ?" ಅನ್ನುತ್ತಾನೆ. ಊಟದ ಪಂಕ್ತಿಯಲ್ಲಿ ಸಾರಿನ ಸೌಟು ಕಸಿದುಕೊಂಡರು. ಪೇಟೆಯ ಒಬ್ಬ ಡಾಕ್ಟರು ಕೈ ಮುಟ್ಟಿಯೂ ನೋಡದೆ "ಮೊದ್ಲು ಸೆರೆ ಕುಡಿಯೋದು ಬಿಡು" ಅಂದು ಶಕ್ತಿಯ ಮಾತ್ರೆ ಬರೆದ. ಹಿಡಿದಿದ್ದರಲ್ಲವೇ ಬಿಡುವುದು? ನನ್ನ ಅವ್ವಿ ಹೊನ್ನಿಯ ಕೈಯೂ ಹೀಗೇ ನಡುಗುತ್ತಿತ್ತು. ಅವಳಿಗೆ ದೆವ್ವ ಅಂದರು, ನನಗೆ ಸೆರೆ ಅಂದರು. ನೀನೊಬ್ಬಳೇ ಶಾಲೆಯಲ್ಲಿ ಹಾಗೆ ಅಂದವರ ಸಂಗಡ ಜಗಳಾಡಿ ಅಂಗಿ ಹರಿದುಕೊಂಡು ಬಂದಿದ್ದೆ.

ಹೋದ ತಿಂಗಳು ಕಾರವಾರದಲ್ಲಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆ. ಕೈ ಚಾಚಿಸಿದರು, ಲೋಟದಿಂದ ಲೋಟಕ್ಕೆ ನೀರು ಹೊಯ್ಯಿಸಿದರು, ಕಾಗದದ ಮೇಲೆ ಚಕ್ಕುಲಿಯ ಸುತ್ತು ಬರೆಸಿದರು. "ಇದು ಎಸೆನ್ಶಿಯಲ್ ಟ್ರೆಮರ್, ನಡುಕದ ಕಾಯಿಲೆ. ಪಾರ್ಕಿನ್ಸನ್ ಅಲ್ಲ, ನಿಮ್ಮ ತಪ್ಪೂ ಅಲ್ಲ" ಅಂದರು. ಉಬ್ಬಸದ ದಮ್ಮು ಉಂಟೋ ಎಂದು ಕೇಳಿ, ನಾಡಿ ನೋಡಿ, ಪ್ರೊಪ್ರಾನೊಲಾಲ್ ಮಾತ್ರೆ ಕೊಟ್ಟರು. ಅದು ಹಿಡಿಸದಿದ್ದರೆ ಬೇರೆ ಮಾತ್ರೆ, ಅದೂ ಸಾಲದಿದ್ದರೆ ದೊಡ್ಡ ಊರಿನಲ್ಲಿ ಮಿದುಳಿಗೆ ತಂತಿ ಇಡುವ ಆಪರೇಶನ್ನೂ ಉಂಟಂತೆ. ಪೂರ್ತಿ ಹೋಗುವುದಿಲ್ಲ, ತಗ್ಗುತ್ತದೆ. ಚಾ ಕಡಿಮೆ ಮಾಡಬೇಕು, ಭಾರದ ಲೋಟ ಹಿಡಿಯಬೇಕು. ಸೆರೆ ಕುಡಿದರೆ ನಡುಕ ಒಂದೆರಡು ತಾಸು ನಿಲ್ಲುತ್ತದೆ, ಇಳಿದ ಮೇಲೆ ಇನ್ನೂ ಜೋರಾಗುತ್ತದೆ, ಅದನ್ನೇ ಔಷಧ ಮಾಡಿಕೊಳ್ಳಬೇಡಿ ಎಂದೂ ಹೇಳಿದರು. ಇಷ್ಟು ಹೇಳಲು ಅವರಿಗೆ ಅರ್ಧ ತಾಸು ಸಾಕಾಯಿತು. ನನ್ನ ಹತ್ತು ವರ್ಷವನ್ನು ಯಾರು ತಂದುಕೊಡುತ್ತಾರೆ?

ಇದು ಮನೆತನದಲ್ಲಿ ಬರುತ್ತದಂತೆ. ನಿನಗೆ ಬಾರದಿರಲಿ. ಬಂದರೆ ನಾಚಿಕೊಂಡು ಕೂರಬೇಡ, ಕೂಡಲೇ ತೋರಿಸು. ಅಳಿಯ ನಿತೇಶನನ್ನು ಕೇಳಿದೆನೆಂದು ಹೇಳು. ಇಬ್ಬರೂ ಹಣಕೋಣದ ನಿಮ್ಮ ಮನೆಯಲ್ಲಿ ಹಾಲು ಅನ್ನ ಉಂಡು ಸುಖವಾಗಿರಿ.

ನಿನ್ನ ಅಪ್ಪ,
ದೇವ

ತಾ. ಕ.: ಮದುವೆಯ ದಿನ ಕಾಲಿಗೆರಗಿದ ನಿನ್ನನ್ನು ಎತ್ತಿ ಹಿಡಿದಾಗ ನಿನ್ನ ಮೂಗಿಗೆ ಬಂದ ವಾಸನೆ ಸುಳ್ಳಲ್ಲ. ಧಾರೆಯ ನೀರು ಅತ್ತಿತ್ತ ಚೆಲ್ಲಿ, ಬೀಗರ ಎದುರು ನಿನ್ನ ತಲೆ ತಗ್ಗಬಾರದೆಂದು, ಗೆಳೆಯ ಸೋಮು ಹೇಳಿದ ಹಾಗೆ ಹಿತ್ತಲಲ್ಲಿ ನಿಂತು ಮೂಗು ಮುಚ್ಚಿಕೊಂಡು ಅರ್ಧ ಲೋಟ ಸೆರೆ ಕುಡಿದೆ. ಜನ್ಮದಲ್ಲಿ ಅದೊಂದೇ ಸಲ. ಕೈ ನಿಂತಿತು. ನೀರು ನೆಟ್ಟಗೆ ನಿನ್ನ ಅಂಗೈಗೇ ಬಿತ್ತು. ಮಂಟಪದ ಹತ್ತಿರ ನಿಂತಿದ್ದ ತಿಮ್ಮು, "ಕೈ ನೋಡ್ರಾ, ಇಂದ್ ದೇವ ಕುಡೀಲಿಲ್ಲಾ" ಅಂದ. ಊರೆಲ್ಲ ನನ್ನನ್ನು ನಂಬಿದ್ದು ಆ ದಿನ. ನೀನು ನಂಬುವುದನ್ನು ಬಿಟ್ಟದ್ದೂ ಆ ದಿನವೇ, ಮಗಳೇ.