ಬಾಬಿನ್‌ಗೆ ಟೋಕನ್ ಇಲ್ಲ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಕಾಜಕ್ಕನಿಗೆ,

ನೀನೂ ಮನೆಯವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಕೊಟ್ಟು ಕಳಿಸಿದ ಕಾಗದ ನಿನ್ನೆ ಬೆಳಿಗ್ಗೆ ಸಿಕ್ಕಿತು. ಉತ್ತರ ಒಂದು ದಿನ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನೆಯೇ ಬರೆಯಲು ಕೂತಿದ್ದೆ. ಅರ್ಧ ಪುಟ ಆಗುವಷ್ಟರಲ್ಲಿ ನಾಯಿ ಪೆನ್ನು ಕಚ್ಚಿಕೊಂಡು ಮಂಚದಡಿ ಹೋಯಿತು. ಹೊರಗೆ ಬಂದಾಗ ಅದರ ಬಾಯಿ ನೀಲಿ, ನನ್ನ ಚಾಪೆ ನೀಲಿ. ಇವತ್ತು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ನೀನು ಎರಡು ಪ್ರಶ್ನೆ ಕೇಳಿದ್ದೀಯ. ನಾಯಿಯನ್ನು ವಾಪಸ್ ಕರೆದುಕೊಂಡು ಹೋಗಲೇ, ಅದು ಒಂದು. ಶುಕ್ರವಾರ ಯಾರನ್ನು ಕೇಳಿ ಗೇಟಿನ ಮುಂದೆ ಜನ ಸೇರಿಸಿದೆ, ಅದು ಇನ್ನೊಂದು. ಎರಡಕ್ಕೂ ಹೇಳುತ್ತೇನೆ. ಅದಕ್ಕೆ ಮೊದಲು ಹಳೆಯ ಮಾತುಗಳನ್ನು ಬರೆದುಬಿಡುತ್ತೇನೆ, ಯಾಕೆಂದರೆ ಅಲ್ಲಿಂದ ಶುರುಮಾಡದೆ ನನಗೆ ಏನನ್ನೂ ಹೇಳಲು ಬರುವುದಿಲ್ಲ.

ನಾನು ಗಾರ್ಮೆಂಟ್ಸ್‌ನಿಂದ ನಿವೃತ್ತಳಾದ ದಿನ, ಸಂಘದ ಅಧ್ಯಕ್ಷೆ ನೀನೂ ಉಳಿದವರೂ ಸೇರಿ, ಕಾರ್ಯಕಾರಿ ಸಮಿತಿಯಲ್ಲಿ ಸಲಹೆಗಾರಳಾಗಿ ಕೂರಿಸುತ್ತೇವೆ ಎಂದಿರಿ. ಒಂದು ಸಭೆಗೂ ಕರೆಯಲಿಲ್ಲ. ಹೊಸದಾಗಿ ಸೇರಿದ ಹುಡುಗಿಯರಿಗೆ ಕಾನೂನು ಹೇಳಿಕೊಡಲು ಸಂಘದ ಕೋಣೆ ಬಿಟ್ಟುಕೊಡುತ್ತೇವೆ ಎಂದಿರಿ. ಕೋಣೆಗೆ ಹೊಸ ಬೀಗ ಬಿತ್ತು, ಕೀಲಿಕೈ ನನಗೆ ಸಿಗಲಿಲ್ಲ. ಶೌಚಕ್ಕೆ ಹೋಗುವ ಟೋಕನ್ ತೆಗೆಸದೆ ಬಿಡುವುದಿಲ್ಲ ಎಂದು ಕಾಲರ್ ಹೊಲಿಯುವ ನಾನು, ಕಾಜಾ ಹೊಲಿಯುವ ನೀನು, ಇಬ್ಬರೂ ಗಂಟಲು ಕಿತ್ತುಹೋಗುವಂತೆ ಕೂಗಿದ್ದೆವು. ಟೋಕನ್ ಇನ್ನೂ ಸೂಪರ್‌ವೈಸರನ ಮೇಜಿನ ಪಕ್ಕದ ಮೊಳೆಯಲ್ಲೇ ತೂಗಾಡುತ್ತಿದೆ. ಸಾಲಾಗಿ ಕೂತು ಹೊಲಿಯುವ ಇಡೀ ಲೈನಿಗೆ ಒಂದು. ಹೋದವಳು ಬಂದು ಅದನ್ನು ಮೊಳೆಗೆ ಹಾಕುವವರೆಗೆ ಉಳಿದವರು ತೊಡೆ ಬಿಗಿಹಿಡಿದು ಹೊಲಿಯಬೇಕು. ಕೊನೆಯದಾಗಿ, ವಾರವಾರ ನೀನೇ ಬಂದು ಸುದ್ದಿ ಹೇಳುತ್ತೇನೆ ಎಂದಿದ್ದೆ. ಒಂದೇ ಒಂದು ಸಲ ಬಂದೆ. ಸುದ್ದಿಯ ಬದಲು ಬುಟ್ಟಿಯಲ್ಲಿ ನಾಯಿಮರಿ ತಂದೆ. "ಜೊತೆಗಿರಲಿ ಕಣೇ, ಸಾಧು ಪ್ರಾಣಿ" ಅಂದೆ.

ಸಾಧು ಪ್ರಾಣಿಯ ಸುದ್ದಿ ಕೇಳು.

ನಿಂತಲ್ಲಿ ನಿಲ್ಲದೆ ಮಷಿನ್ನಿನೊಳಗಿನ ದಾರದ ಉರುಳೆಯ ಹಾಗೆ ಸುತ್ತುತ್ತಾನೆಂದು ಬಾಬಿನ್ ಎಂದು ಹೆಸರಿಟ್ಟೆ. ಮೊದಲು ಚಪ್ಪಲಿ ಹೋಯಿತು, ಎಡಗಾಲಿನದು ಮಾತ್ರ. ಆಮೇಲೆ ದಿಂಬು. ಕಾರ್ಖಾನೆ ಬಿಟ್ಟು ಬರುವಾಗ ನೀವು ಕೊಟ್ಟ ಗೋಡೆ ಗಡಿಯಾರದ ಪೆಟ್ಟಿಗೆ. ಮಂಚದ ಒಂದು ಕಾಲು ಈಗ ಅರ್ಧ ತೆಳ್ಳಗಿದೆ, ರಾತ್ರಿ ಮಗ್ಗುಲು ಬದಲಿಸಲು ಹೆದರುತ್ತೇನೆ. ಗೋಡೆಯ ಗಾರೆ ಕೆರೆದು ಇಟ್ಟಿಗೆ ಕಾಣುವಂತೆ ಮಾಡಿದ್ದಾನೆ. ಕೆಳಗಿನ ಮನೆಯ ಲಾರಿ ಡ್ರೈವರ್ ಮೇಲೆ ಬಂದು ಗೋಡೆ ನೋಡಿ, "ಕಾಲರಕ್ಕ, ಸುರಂಗ ತೋಡಿಸ್ತಿದೀರಾ? ನಮ್ಮನೆ ಕಡೆ ಬಂದ್ರೆ ಮೊದ್ಲೇ ಹೇಳಿ, ಪಾತ್ರೆ ತೆಗೆದಿಡ್ತೀವಿ" ಅಂದ. ಅವನ ಹೆಂಡತಿ ನಗಲಿಲ್ಲ. "ಅಕ್ಕ, ನೀವು ಹೊರಗೆ ಹೋದ ಕೂಡಲೇ ಊಳಿಡೋಕೆ ಶುರು ಮಾಡತ್ತೆ. ಮಗು ಮಲಗಲ್ಲ. ಏನಾದ್ರೂ ಮಾಡಿ, ಇಲ್ಲಾಂದ್ರೆ ಮನೆ ಯಜಮಾನರಿಗೆ ಹೇಳ್ಬೇಕಾಗತ್ತೆ" ಅಂದಳು.

ಏನಾದರೂ ಮಾಡಿದೆ. ಬೈದೆ. ಹಳೆಯ ಪತ್ರಿಕೆ ಸುರುಳಿ ಸುತ್ತಿ ನೆಲಕ್ಕೆ ಬಡಿದೆ. ಸುರುಳಿಯನ್ನೇ ಕಿತ್ತುಕೊಂಡು ಹರಿದ. ಕುರ್ಚಿಯ ಕಾಲಿಗೆ ಮೆಣಸಿನಪುಡಿ ಕಲಸಿ ಹಚ್ಚಿದೆ. ನೆಕ್ಕಿ, ಸೀನಿ, ಮತ್ತೆ ನೆಕ್ಕಿದ. ಮಂಚಕ್ಕೆ ಕಟ್ಟಿದೆ, ಮಂಚವನ್ನೇ ಬಾಗಿಲವರೆಗೆ ಎಳೆದ. ಬಚ್ಚಲಲ್ಲಿ ಕೂಡಿಹಾಕಿದೆ, ಮಗ್ಗು ತಿಂದ. ಸೋತು ಪಶುವೈದ್ಯರ ಹತ್ತಿರ ಒಯ್ದೆ.

ವೈದ್ಯೆ ಚಿಕ್ಕ ವಯಸ್ಸಿನವಳು, ಮಾತು ಸೂಜಿ. ಬಾಯಿ, ಕಿವಿ, ಹೊಟ್ಟೆ ಎಲ್ಲ ನೋಡಿ, "ಕಾಯಿಲೆ ಏನೂ ಇಲ್ಲ. ಇವನು ದಿನಕ್ಕೆ ಎಷ್ಟು ಹೊತ್ತು ಓಡ್ತಾನೆ?" ಅಂದಳು.

"ಓಡೋದು ಎಲ್ಲಿ ಬಂತು ಡಾಕ್ಟ್ರೇ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮೂತ್ರಕ್ಕೆ ಕೆಳಗೆ ಇಳಿಸ್ತೀನಿ."

"ಮಧ್ಯೆ ಬೇಕು ಅಂದ್ರೆ?"

"ಕಾಯ್ತಾನೆ."

"ಮಿಕ್ಕ ಹೊತ್ತು?"

"ಮನೇಲಿ. ಬೀಗ ಹಾಕಿರ್ತೀನಿ."

"ಅಮ್ಮಾ, ಮೈ ತುಂಬ ಕಸುವು ಇರೋ ವಯಸ್ಸು ಇದು. ಕೆಲಸ ಕೊಡದೆ ಕೂಡಿಹಾಕಿದ್ರೆ ಅವನೇ ಒಂದು ಕೆಲಸ ಹುಡುಕ್ಕೊಂಡಿದಾನೆ. ನಿಮ್ಮ ಗೋಡೆ."

ಕೇಳು ಕಾಜಕ್ಕ. ಯಾವ ಟೋಕನ್ ವಿರುದ್ಧ ಕೂಗಿ ನನ್ನ ದನಿ ಒಡೆಯಿತೋ, ಅದನ್ನೇ ನಾನು ಒಂದು ಮೂಕಪ್ರಾಣಿಗೆ ಹಚ್ಚಿ ಕೂತಿದ್ದೆ. ಮೊಳೆ ಇಲ್ಲ, ಸೂಪರ್‌ವೈಸರ್ ಇಲ್ಲ, ಅಷ್ಟೇ ವ್ಯತ್ಯಾಸ. ಅವತ್ತೇ ಟೋಕನ್ ರದ್ದು ಮಾಡಿದೆ. ಬಾಗಿಲು ಕೆರೆದರೆ ಎಷ್ಟು ಹೊತ್ತಾದರೂ ಮೆಟ್ಟಿಲಿಳಿಯುತ್ತೇನೆ. ಈಗ ತಾನೇ ಪೆನ್ಸಿಲ್ ಇಟ್ಟು ಇಳಿದು ಹತ್ತಿ ಬಂದೆ. ಅದಕ್ಕೇ ಈ ಸಾಲಿನಿಂದ ಅಕ್ಷರ ಸೊಟ್ಟಗಾಗಿದೆ.

ವೈದ್ಯೆ ಹೇಳಿದ್ದನ್ನೆಲ್ಲ ಮಾಡಿದೆ. ಹೊತ್ತು ಹುಟ್ಟುವ ಮುಂಚೆ ಅವನನ್ನು ಓಡಿಸಬೇಕು, ದಣಿಯುವವರೆಗೆ. ಊಟವನ್ನು ತಟ್ಟೆಯಲ್ಲಿ ಇಡಬಾರದು. ಚಿಂದಿ ಬಟ್ಟೆಯಲ್ಲಿ ಗಂಟು ಕಟ್ಟಿ ಅಲ್ಲಿ ಇಲ್ಲಿ ಬಚ್ಚಿಡಬೇಕು, ಅವನು ಮೂಗಿನಿಂದ ಹುಡುಕಿ, ಹಲ್ಲಿನಿಂದ ಬಿಚ್ಚಿ ತಿನ್ನಬೇಕು. ಚಪ್ಪಲಿ ಕಚ್ಚಿದರೆ ಅಟ್ಟಿಸಿಕೊಂಡು ಹೋಗಬಾರದು, ಅದು ಅವನಿಗೆ ಆಟ. ಬೇರೆ ಏನಾದರೂ ಒಳ್ಳೆಯದು ತೋರಿಸಿ ಬದಲಿಸಿಕೊಳ್ಳಬೇಕು. ಮನೆಗೆ ಬಂದು ಹರಿದದ್ದನ್ನು ನೋಡಿ ಬೈದರೆ ಪ್ರಯೋಜನವಿಲ್ಲ. ಯಾವುದಕ್ಕೆ ಬೈಗುಳವೆಂದು ಅವನಿಗೆ ತಿಳಿಯುವುದಿಲ್ಲ. ಒಂಟಿಯಾಗಿ ಬಿಡುವುದನ್ನು ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಬೇಕು: ಬಾಗಿಲಾಚೆ ಹೋಗಿ ಬಾ, ಬೀದಿ ತುದಿಗೆ ಹೋಗಿ ಬಾ. ಗಂಟು ಕಟ್ಟುವ ಕೆಲಸ ನನಗೆ ಹೇಳಿಕೊಡಬೇಕೇ. ಕಟ್ ಪೀಸ್ ಚೀಲ ಮನೆಯಲ್ಲೇ ಇತ್ತು. ಮೊದಲ ದಿನ ಗಂಟುಗಳನ್ನು ಅವನು ಚಿಟಿಕೆ ಹೊಡೆಯುವುದರೊಳಗೆ ಬಿಚ್ಚಿದ. ಮರುದಿನ ಕಾಲರ್ ಮಡಿಸುವ ಹಾಗೆ ಎರಡು ಮಡಿಕೆ ಹಾಕಿ ಕಟ್ಟಿದೆ. ಬಹಳ ಹೊತ್ತು ಮನೆಯಲ್ಲಿ ಸದ್ದಿರಲಿಲ್ಲ. ಕೆಳಗಿನ ಮನೆಯ ತಾಯಿ ಹೆದರಿ ಓಡಿಬಂದಳು, "ಏನಾಯ್ತಕ್ಕ, ಸತ್ತುಹೋಯ್ತಾ?" ಎಂದು.

ಊಳಿಡುವುದು ನಿಂತಿತು. ಹರಿಯುವುದು ಪೂರ್ತಿ ನಿಂತಿತೆಂದು ಸುಳ್ಳು ಹೇಳಲಾರೆ. ಓಡಿಸದ ದಿನ ಏನಾದರೊಂದು ಹೋಗುತ್ತದೆ. ಹಾಗೆ ನಾನು ಮಂಡಿ ನೋವೆಂದು ಮಲಗಿದ್ದ ದಿನ ಅವನು ಮಂಚದಡಿಯ ರಟ್ಟಿನ ಪೆಟ್ಟಿಗೆಯನ್ನು ಸೀಳಿದ. ಸಂಘದ ಕೋಣೆ ಸೋರುತ್ತದೆಂದು ಖಜಾಂಚಿ ತಂದು ನನ್ನ ಮನೆಯಲ್ಲಿ ತಳ್ಳಿ ಹೋಗಿದ್ದ ಪೆಟ್ಟಿಗೆ. ಒಳಗೆ ಕರಪತ್ರಗಳು. ಟೋಕನ್ ಪದ್ಧತಿ ಕೈಬಿಡಿ, ಶುಕ್ರವಾರ ಸಂಜೆ ಮುಂದಿನ ಗೇಟಿನಲ್ಲಿ ಸಭೆ. ಆ ಶುಕ್ರವಾರಕ್ಕೆ ಇನ್ನು ಕೆಲವೇ ದಿನ. ಸಭೆ ಹತ್ತಿರ ಬಂತು, ಕರಪತ್ರ ಇಲ್ಲೇ ಬಿದ್ದಿದೆ, ಖಜಾಂಚಿ ಮರೆತಿದ್ದಾನೆ ಎಂದುಕೊಂಡೆ. ನಿನಗೆ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಕರಪತ್ರ ಮನೆಯಲ್ಲಿ ಕೊಳೆಯಲು ಬಿಡುವುದು ನಮ್ಮಂಥವರ ಕೈಯಲ್ಲಿ ಆಗುತ್ತದೆಯೇ, ನೀನೇ ಹೇಳು.

ಹೇಗೂ ಬಾಬಿನ್‌ನನ್ನು ಓಡಿಸಬೇಕಿತ್ತು. ಕಾರ್ಖಾನೆ ಬಸ್ಸುಗಳು ನಿಲ್ಲುವ ರಸ್ತೆಗೇ ಓಡಿಸಿದೆ. ಹೆಂಗಸರು ಅವನ ತಲೆ ಸವರಲು ನಿಂತರು, ನಾನು ಕೈಗೆ ಹಾಳೆ ಇಟ್ಟೆ. ನಮ್ಮ ಕಾಲದಲ್ಲಿ ಕರಪತ್ರ ಕಂಡರೆ ಜನ ಮುಖ ತಿರುಗಿಸಿ ಓಡುತ್ತಿದ್ದರಲ್ಲ, ನಾವು ಒಂದು ನಾಯಿ ಇಟ್ಟುಕೊಳ್ಳಬೇಕಿತ್ತು. ಶುಕ್ರವಾರದ ಹೊತ್ತಿಗೆ ಪೆಟ್ಟಿಗೆ ಖಾಲಿ.

ಸಂಜೆ ಗೇಟಿಗೆ ಹೋದೆ. ಜನ ಜಾತ್ರೆಯ ಹಾಗೆ ನಿಂತಿದ್ದಾರೆ. ಮೈಕಿಲ್ಲ, ಬಾವುಟವಿಲ್ಲ, ನೀನಿಲ್ಲ. ಕಾವಲುಗಾರ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಏನಕ್ಕ ಇದು? ಸಭೆ ಇಲ್ಲವಂತಲ್ಲ. ನಿಮ್ಮ ಅಧ್ಯಕ್ಷರೇ ಸಾಹೇಬ್ರ ಜೊತೆ ಕೂತು ಮುಗಿಸ್ಕೊಂಡ್ರಂತೆ. ಲೈನಿಗೆ ಇನ್ನೊಂದು ಟೋಕನ್ ಕೊಡ್ತಾರಂತೆ."

ಇನ್ನೊಂದು ಟೋಕನ್. ಕಾಜಕ್ಕ, ನಾವು ಕೇಳಿದ್ದು ಮೊಳೆ ಕೀಳಿ ಎಂದು. ಅವರು ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದರು, ನೀನು ಸುತ್ತಿಗೆ ಹಿಡಿದುಕೊಂಡೆ.

ಹಿಂದಿನಿಂದ ಯಾರೋ ಕೂಗಿದರು, "ಏನ್ ಕಾಲರಕ್ಕ, ಕರೆದು ಸುಮ್ನೆ ನಿಂತಿದೀಯಾ? ಬಸ್ಸು ತಪ್ಪತ್ತೆ." ಇನ್ನೊಬ್ಬಳು, "ಭಾಷಣ ನಾಯಿದೇನೋ ಕಣೇ, ತಡಿ" ಅಂದಳು. ಎಲ್ಲ ನಕ್ಕರು. ನಾನು ಕಲ್ಲಿನ ಮೇಲೆ ಹತ್ತಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಸಭೆ ರದ್ದಾಗಿದೆಯಂತೆ, ನನಗೆ ಗೊತ್ತಿರಲಿಲ್ಲ, ಇನ್ನೊಂದು ಟೋಕನ್‌ಗೆ ಒಪ್ಪಿದ್ದಾರಂತೆ, ನಿಮ್ಮನ್ನು ಕೇಳಿದರಾ ಅಂದೆ. ನಗು ನಿಂತಿತು. ಒಬ್ಬ ಬಸುರಿ ಮುಂದೆ ಬಂದಳು, ತೋಳಿನ ಕಫ್ ಹೊಲಿಯುವ ಲೈನಿನವಳು. "ನಂಗೆ ಎರಡು ಟೋಕನ್ ಬೇಡ. ಕೈ ಎತ್ತಿ ಬೇಡದೆ ಎದ್ದು ಹೋಗೋ ಹಾಗಾಗ್ಬೇಕು. ಮೊನ್ನೆ ಮಷಿನ್ ಮುಂದೇನೇ ಒದ್ದೆ ಆಯ್ತು. ಲೈನಿನೋರೆಲ್ಲ ನೋಡಿದ್ರು" ಅಂದಳು. ಅಷ್ಟೇ ಹೇಳಿ ಹಿಂದಕ್ಕೆ ಹೋದಳು. ಆಮೇಲೆ ಭಾಷಣವೇನೂ ಬೇಕಾಗಲಿಲ್ಲ. ಇನ್ನೊಂದು ಸಭೆ ಬೇಕೆಂದು ಅವರೇ ಕೈಯೆತ್ತಿದರು, ದಿನವನ್ನೂ ಅವರೇ ಹೇಳಿದರು. ಬಾಬಿನ್ ಅಷ್ಟು ಹೊತ್ತೂ ನನ್ನ ಕಾಲ ಬಳಿ ಕೂತಿದ್ದ, ಹಗ್ಗ ಕಚ್ಚಲಿಲ್ಲ.

ನಿನ್ನ ಎರಡನೇ ಪ್ರಶ್ನೆಗೆ ಉತ್ತರ ಇದು. ಶಿಸ್ತು ಮುರಿದೆ ಎಂದು ನೋಟಿಸು ಕೊಡುವುದಿದ್ದರೆ ಕೊಡು, ಸಹಿ ಹಾಕಿ ತೆಗೆದುಕೊಳ್ಳುತ್ತೇನೆ. ಮೊದಲನೇ ಪ್ರಶ್ನೆಗೆ ಉತ್ತರ: ನಾಯಿಯನ್ನು ಕೊಡುವುದಿಲ್ಲ. ಖಜಾಂಚಿಯನ್ನು ಕಳಿಸಬೇಡ. ಅವನ ಚಪ್ಪಲಿ ಉಳಿಯುವ ಭರವಸೆ ನಾನು ಕೊಡಲಾರೆ.

ನಿನ್ನ ಮಗಳ ಹೆರಿಗೆ ಹತ್ತಿರ ಬಂತೆಂದು ಕೇಳಿದೆ. ಸುಸೂತ್ರವಾಗಿ ಆಗಲಿ, ತಾಯಿ ಮಗು ಗಟ್ಟಿಮುಟ್ಟಾಗಿರಲಿ. ಮಗುವಿಗೆ ಮೊದಲ ಅಂಗಿಯ ಕಾಲರ್ ನಾನೇ ಹೊಲಿಯುತ್ತೇನೆ, ಕಾಜಾ ನಿನ್ನದು. ನಿನಗೆ ಕಣ್ಣು ಉರಿಯುತ್ತದೆ ಎನ್ನುತ್ತಿದ್ದೆಯಲ್ಲ, ತೋರಿಸಿಕೊಂಡೆಯಾ? ಉದಾಸೀನ ಮಾಡಬೇಡ.

ಎಂದಿನ ಪ್ರೀತಿಯ,
ಕಾಲರಕ್ಕ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಇಸ್ತ್ರಿ ವಿಭಾಗದ ದಪ್ಪಕ್ಕ, ನಿಮ್ಮ ಸಮಿತಿಯವಳೇ, ನಿನ್ನೆ ಬಂದಿದ್ದಳು. ಟೋಕನ್‌ಗೆ ಒಪ್ಪಿದ ದಿನ ಸಮಿತಿಯಲ್ಲಿ ಯಾರೋ, "ಕಾಲರಕ್ಕ ಸುಮ್ನಿರ್ತಾಳಾ?" ಎಂದು ಕೇಳಿದರಂತೆ. ನೀನು, "ಅದಕ್ಕೇ ಅವಳಿಗೊಂದು ನಾಯಿ ಕೊಟ್ಟು ಬಂದಿದೀನಿ, ಅದರ ಹಿಂದೆ ಓಡಾಡ್ಕೊಂಡಿರ್ತಾಳೆ" ಅಂದೆಯಂತೆ. ಎಲ್ಲರೂ ನಕ್ಕರಂತೆ. ದಪ್ಪಕ್ಕನೂ ನಕ್ಕಳಂತೆ, ಅದನ್ನು ಹೇಳಿ ಅತ್ತಳು. ಒಂದೇ ಬೆಂಚಿನಲ್ಲಿ ಕೂತು, ಟೋಕನ್‌ಗೆ ನಿನ್ನ ಪಾಳಿ ಬರುವವರೆಗೆ ನಿನ್ನ ಕೈ ಹಿಡಿದುಕೊಂಡಿದ್ದವಳು ನಾನು. ನೀನು ಹಾಗೆ ಅಂದದ್ದು ಹೌದೋ ಅಲ್ಲವೋ ಕಾಗದದಲ್ಲಿ ಬರೆಯಬೇಡ, ನನ್ನ ಮುಖ ನೋಡಿ ಹೇಳು. ಹೆಂಗಸರು ಕರೆದ ಸಭೆ ಬುಧವಾರ, ಸಂಜೆ ಐದೂವರೆ, ಹಿಂದಿನ ಗೇಟು.