ಪೊಕ್ಕಡೆ ಹೂವಿನ ವಾಸನೆ

ಗುರುವಾಯನಕೆರೆ
ಭಾನುವಾರ, ೨೪ ನವೆಂಬರ್ ೨೦೨೪

ಪ್ರೀತಿಯ ಹಸ್ನಾ,

ನಿನ್ನ ಪ್ರಫುಲ್ಲಕ್ಕ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಸೌಖ್ಯ. ಆ ಚಳಿಯ ಊರಿನಲ್ಲಿ ನೀನೂ ಹೊತ್ತಿಗೆ ಸರಿಯಾಗಿ ಉಂಡು ಸೌಖ್ಯವಾಗಿದ್ದಿ ಎಂದು ನಂಬಿದ್ದೇನೆ. ನಿನ್ನ ಲಕೋಟೆ ಬಂದದ್ದು ಜುಲೈಯಲ್ಲಿ, ನಾನು ಉತ್ತರ ಬರೆಯುವುದು ನವೆಂಬರಿನಲ್ಲಿ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು ಮಾರಾಯ್ತಿ. ಮಂಡಿ ನೋವು, ಕನ್ನಡಕ ಒಡೆದದ್ದು ಎಂದು ಎರಡು ನೆವ ಹುಡುಕಿ ಇಟ್ಟಿದ್ದೆ. ಎರಡೂ ಸುಳ್ಳು. ನಿಜವಾದ ಕಾರಣ ಬರೆಯುವಷ್ಟು ಧೈರ್ಯ ಬಂದರೆ ಕೊನೆಗೆ ಬರೆಯುತ್ತೇನೆ. ಫೋನಿನಲ್ಲಿ ಹೇಳುವ ಎಂದರೆ, ನಿನಗೆ ಫೋನ್ ಹಚ್ಚುವುದು ಅಂಗಡಿಯಿಂದ, ಪಕ್ಕದಲ್ಲೇ ನಿನ್ನ ತಂದೆ ಕಿವಿಯಗಲಿಸಿ ಕೂತಿರುತ್ತಾರೆ. ಅದು ಆಗುವ ಮಾತಲ್ಲ.

ಮೊದಲು ಸಂತೋಷದ ಸುದ್ದಿ. ನಿನ್ನ ಸಂಶೋಧನಾ ಲೇಖನದ ಕೊನೆಯ ಹಾಳೆಯನ್ನು ನಿನ್ನ ತಂದೆ ಶುಕೂರ್ ಸಾಹುಕಾರ್ರು ಲ್ಯಾಮಿನೇಶನ್ ಮಾಡಿಸಿ ಮಸಾಲೆ ಅಂಗಡಿಯ ಗಲ್ಲಾದ ಮೇಲೆ ತೂಗುಹಾಕಿದ್ದಾರೆ. ಮಗಳ ಹೆಸರಿರುವ ಮೊದಲನೆಯ ಹಾಳೆಯನ್ನಲ್ಲ, ನನ್ನ ಹೆಸರಿರುವ ಹಾಳೆಯನ್ನು! ಏಲಕ್ಕಿ ಕೊಳ್ಳಲು ಬಂದವರನ್ನೂ ನಿಲ್ಲಿಸಿಕೊಂಡು ಓದಿ ಹೇಳುತ್ತಾರೆ: "ಕಲ್ಲುಹೂವನ್ನು ವಾಸನೆಯಿಂದಲೇ ಗುರುತಿಸಲು ಕಲಿಸಿದ ಗುರುವಾಯನಕೆರೆಯ ಪ್ರಫುಲ್ಲಾ ಅವರಿಗೆ ಕೃತಜ್ಞತೆಗಳು." ನಿನ್ನ ಉಮ್ಮ ಸಾಲಿಹಾ ಆ ದಿನ ಪಾಯಸ ಮಾಡಿ ಡಬ್ಬದಲ್ಲಿ ಅಂಗಡಿಗೆ ಕಳಿಸಿದರು. ಮನೆಯಲ್ಲಿ ನಮ್ಮ ಯಜಮಾನರು ಮಾತ್ರ, "ಮೂವತ್ತು ವರ್ಷ ಕಸ ಹೆಕ್ಕಿದ್ದಕ್ಕೆ ಪೇಪರಿನಲ್ಲಿ ಹೆಸರು ಬರ್ತದಾ? ಹಾಗಾದ್ರೆ ನಾನೂ ಹೆಕ್ತೇನೆ" ಎಂದು ತಮಾಷೆ ಮಾಡಿದರು. ಆಮೇಲೆ ನೋಡುತ್ತೇನೆ, ಹೊಸ ಅಂಗಿ ಹಾಕಿಕೊಂಡು ಅಂಗಡಿಗೆ ಬಂದು ಆ ಹಾಳೆಯ ಎದುರು ನಿಂತಿದ್ದಾರೆ. ಅವರಿಗೆ ಓದಲು ಬರುವುದಿಲ್ಲ, ನಿನಗೆ ಗೊತ್ತಲ್ಲ.

ನನ್ನ ಹೆಸರು ಅಚ್ಚಾದದ್ದು ಇದು ಎರಡನೆಯ ಸಲ. ಮೊದಲನೆಯದು ರೇಶನ್ ಕಾರ್ಡಿನಲ್ಲಿ. ಅದರಲ್ಲಿ "ಪ್ರಪುಲ" ಎಂದು ಹಾಕಿ ನನ್ನ ಮಾನ ತೆಗೆದಿದ್ದರು. ನೀನು ಒಂದಕ್ಷರವೂ ತಪ್ಪದೆ ಹಾಕಿಸಿದ್ದಿ. ನಿನ್ನ ಋಣ ದೊಡ್ಡದು ಮಗಾ.

ಎಂಟು ವರ್ಷದ ಹುಡುಗಿ ನೀನು, ಶಾಲೆ ಬಿಟ್ಟವಳು ನೇರ ಅಂಗಡಿಯ ಹಿಂದಿನ ಕೋಣೆಗೆ ಬಂದು ನನ್ನ ಬಿದಿರಿನ ಗೆರಸೆಯ ಪಕ್ಕ ಕೂರುತ್ತಿದ್ದೆ. ಉತ್ತರದ ಬೆಟ್ಟಗಳಿಂದ ಬಂದ ಕಲ್ಲುಹೂವಿನ ಗೋಣಿಯನ್ನು ಸುರಿದು ನಾನು ಮೂರು ರಾಶಿ ಮಾಡುತ್ತಿದ್ದೆ. ಒಂದು ಮಸಾಲೆಗೆ ಹೋಗುವ ಒಳ್ಳೆಯ ಹೂವು, ಒಂದು ಧೂಳು ತೊಗಟೆ, ಇನ್ನೊಂದು ಪುಟ್ಟ ರಾಶಿ. ನೋಡಲು ಒಳ್ಳೆಯ ಹೂವಿನ ಹಾಗೆಯೇ, ಅಂಗೈಯಲ್ಲಿ ತಿಕ್ಕಿದರೆ ಮಾತ್ರ ಎಂಜಲು ಹಾಕಿ ಒರೆಸಿದ ಸ್ಲೇಟಿನ ವಾಸನೆ. "ಅದಕ್ಕೆ ಹೆಸರೆಂತ ಅಕ್ಕ?" ಎಂದು ನೀನು ಕೇಳಿದೆ. "ಹೆಸರೆಂತದು, ಅದು ಪೊಕ್ಕಡೆ" ಎಂದು ತುಳುವಿನಲ್ಲಿ ಹೇಳಿದೆ. ಸುಮ್ಮನೆ ಇರುವಂಥದ್ದು, ಯಾವ ಉಪಯೋಗವೂ ಇಲ್ಲದ್ದು ಎಂಬ ಅರ್ಥದಲ್ಲಿ. ನೀನು ಅದನ್ನೇ ಹೆಸರೆಂದುಕೊಂಡು ಬೆಂಕಿಪೆಟ್ಟಿಗೆಯಲ್ಲಿ ತುಂಬಿಸಿ, ಮೇಲೆ "ಪೊಕ್ಕಡೆ ಹೂ" ಎಂದು ಬರೆದು ಇಟ್ಟುಕೊಂಡೆ. ನಾನು ಬಿಸಾಡಿದ್ದನ್ನು ನೀನು ಹೆಕ್ಕಿದೆ.

ಈಗ ನೀನು ಬರೆದಿದ್ದಿ: ಕಲ್ಲುಹೂವು ಹೂವೇ ಅಲ್ಲ, ಒಂದು ಜಾತಿಯ ಅಣಬೆಯೂ ಪಾಚಿಯೂ ಕೂಡಿ ಮಾಡಿದ ಸಂಸಾರ. ಇರಲಿ. ಮೂವತ್ತು ವರ್ಷ ಹೂವೆಂದು ಆರಿಸಿದ ಕೈ ಈಗ ಯಾರ ಮಾತು ಕೇಳುತ್ತದೆ? ಆ ಬೆಟ್ಟದ ಸೀಮೆಯಲ್ಲಿ ಇದುವರೆಗೆ ಯಾರೂ ದಾಖಲೆ ಮಾಡದ ಹನ್ನೊಂದು ಜಾತಿಗಳನ್ನು ನೀನು ಕಂಡು ಬರೆದೆಯಂತೆ. ಅವುಗಳಲ್ಲಿ ಏಳನೆಯದು ನಮ್ಮ ಪೊಕ್ಕಡೆಯೋ ಎಂಬ ಸಂಶಯ ನಿನಗೆ. ಒಂದು ಚಿಟಿಕೆ ಲಕೋಟೆಯಲ್ಲಿ ಹಾಕಿ ಕಳಿಸಿ ಕೇಳಿದ್ದಿ: "ಅಕ್ಕ, ಬೆಂಕಿಪೆಟ್ಟಿಗೆ ಕಳೆದುಹೋಗಿದೆ, ಹೋಲಿಸಿ ನೋಡಲು ನನ್ನ ಹತ್ತಿರ ಏನೂ ಇಲ್ಲ. ನಿಮ್ಮ ಮೂಗು ಉಂಟಲ್ಲ. ಅದೇ ಹೌದಾ ಅಂತ ಹೇಳಿ. ಹೌದಾದರೆ ಮುಂದಿನ ಲೇಖನದಲ್ಲಿ ಬರೆಯುತ್ತೇನೆ, ಪಂಡಿತರಿಗೆ ಗೊತ್ತಾಗುವ ಮೊದಲೇ ಇದು ನಮ್ಮೂರಿನ ಒಂದು ಗೆರಸೆಗೆ ಗೊತ್ತಿತ್ತು ಎಂದು."

ಉತ್ತರ ಕೇಳು. ಅದೇ ಹೌದು. ನೂರಕ್ಕೆ ನೂರು ನಮ್ಮ ಪೊಕ್ಕಡೆಯೇ. ಧೈರ್ಯದಿಂದ ಬರೆ.

ನಮ್ಮ ನಿಝಾಮನ ನೆನಪು ಉಂಟಲ್ಲ? ಹದಿನೆಂಟು ವರ್ಷ ನಿಮ್ಮ ಅಂಗಡಿಯಲ್ಲಿ ಗೋಣಿ ಹೊತ್ತವನು, ಕಾಲೇಜಿನ ಬಸ್ಸು ತಪ್ಪಿದರೆ ನಿನ್ನನ್ನು ಲಗೇಜು ರಿಕ್ಷಾದಲ್ಲಿ ಮೂಡುಬಿದಿರೆಗೆ ಬಿಟ್ಟು ಬರುತ್ತಿದ್ದವನು. ಈಗ ತೋಡಾರಿನಲ್ಲಿ ಮೀನಿನ ರಿಕ್ಷಾ ಓಡಿಸುತ್ತಾನೆ. ಕಳೆದ ವಾರ ಎರಡು ಬಸ್ಸು ಹತ್ತಿ ಅವನ ಮನೆಗೆ ಹೋಗಿ ಬಂದೆ. ನಿನ್ನ ವಿಷಯ ಹೇಳಿದಾಗ ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಬೇಡವೆಂದರೂ ಕೇಳದೆ ಒಂದು ಕಟ್ಟು ಬಂಗುಡೆ ಕೊಟ್ಟು ಕಳಿಸಿದ.

ನಿನ್ನ ತಂದೆ ತಾಯಿಗೆ, ನನಗೆ, ಈ ಪುಟ್ಟ ಪೇಟೆಗೆ ನೀನು ತಂದ ಮರ್ಯಾದೆಗೆ ನಾನೇನು ತಿರುಗಿ ಕೊಡಲಿ? ನಿನ್ನ ಕಾಲು ಜಾರದಿರಲಿ, ಕಣ್ಣು ಸೋಲದಿರಲಿ. ನೀನು ಹತ್ತುವ ಮರಕ್ಕೂ ಕಲ್ಲಿಗೂ ನಿನ್ನ ಮೇಲೆ ದಯೆ ಇರಲಿ.

ಇತಿ ನಿನ್ನ,
ಪ್ರಫುಲ್ಲಕ್ಕ

ತಾ.ಕ.: ಸಹಿ ಹಾಕಿ ಲಕೋಟೆ ಅಂಟಿಸಿದ್ದೆ. ಮತ್ತೆ ಒಡೆದೆ. ನಿಜವಾದ ಕಾರಣ ಬರೆಯದೆ ಕಳಿಸಲು ಮನಸ್ಸು ಒಪ್ಪಲಿಲ್ಲ.

ಹಸ್ನಾ, ನನಗೆ ವಾಸನೆ ಗೊತ್ತಾಗುವುದಿಲ್ಲ. ೨೦೨೧ರ ಕೊರೋನಾದಲ್ಲಿ ಹೋದದ್ದು ತಿರುಗಿ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ, ಸಂಶಯ ಬಂದರೆ ಹೊಸದಾಗಿ ಬಂದ ಹೆಂಗಸಿಗೆ "ಮೂಸಿ ನೋಡು, ಕಲಿ" ಎಂದು ಕೊಟ್ಟು, ಇಷ್ಟು ದಿನ ದೂಡಿದೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ಬಂಟ್ವಾಳದ ಒಂದು ಮದುವೆಗೆ ನಮ್ಮ ಅಂಗಡಿಯಿಂದ ಕಲ್ಲುಹೂವು ಹೋಯಿತು. ನಾನು ಮೂಸಿದ ಹಾಗೆ ಮಾಡಿ "ಒಳ್ಳೆದುಂಟು" ಎಂದಿದ್ದೆ. ಅದು ಒಳಗೆಲ್ಲ ಮುಗ್ಗಲು ಹಿಡಿದಿತ್ತು. ನಾನೂರು ಜನರ ಬಿರಿಯಾನಿ ಹಾಳಾಯಿತು. ನಿನ್ನ ತಂದೆ, "ಪ್ರಫುಲ್ಲ ಮೂಸಿದ ಮಾಲು ಹಾಳಾಗುದುಂಟಾ? ಆಮೇಲೆ ನೀನೇ ಸೋರುವ ಮೂಲೆಯಲ್ಲಿ ಇಟ್ಟದ್ದು" ಎಂದು ನಿಝಾಮನನ್ನು ಎಲ್ಲರೆದುರು ಬೈದು ಕೆಲಸದಿಂದ ತೆಗೆದರು. ನಾನು ಗೆರಸೆಯ ಮುಂದೆ ತಲೆ ತಗ್ಗಿಸಿ ಕೂತಿದ್ದೆ. ಬಾಯಿ ಬಿಡಲಿಲ್ಲ.

ನಿನ್ನ ಚಿಟಿಕೆಯನ್ನು ನಾಲ್ಕು ತಿಂಗಳು ದಿನಾ ತಿಕ್ಕಿ ಮೂಸಿದೆ. ಏನೂ ಇಲ್ಲ. ನಿನ್ನನ್ನು ಬಿಟ್ಟರೆ ನನ್ನಿಂದ ಪೊಕ್ಕಡೆಯ ವಾಸನೆ ಕಲಿತವನು ಒಬ್ಬನೇ, ನಿಝಾಮ. ನಾಚಿಕೆ ಬಿಟ್ಟು ತೋಡಾರಿಗೆ ಹೋದದ್ದು ಅದಕ್ಕೇ. ಅವನು ಮೀನಿನ ಕೈಯನ್ನು ಮೂರು ಸಲ ಸಾಬೂನು ಹಾಕಿ ತೊಳೆದು, ತಿಕ್ಕಿ, ಕಣ್ಣು ಮುಚ್ಚಿ ಮೂಸಿದ. "ಇದು ಪೊಕ್ಕಡೆ ಅಲ್ವಾ? ಎಂಜಲು ಹಾಕಿ ಒರೆಸಿದ ಸ್ಲೇಟು. ನೀವೇ ಹೇಳಿ ಕೊಟ್ಟದ್ದು" ಎಂದ.

ಆಗ ನಾನು ಅತ್ತುಬಿಟ್ಟೆ. ಮದುವೆಯ ಗೋಣಿಯ ಸತ್ಯ ಹೇಳಿದೆ. ಅವನು, "ನನಗೆ ಆಗಲೇ ಗೊತ್ತಿತ್ತು ಅಕ್ಕ" ಎಂದ. "ರಿಕ್ಷಾಕ್ಕೆ ಹಾಕುವಾಗ್ಲೇ ವಾಸನೆ ಬಂತು. ನೀವು ಒಳ್ಳೆದುಂಟು ಅಂದ ಕಾರಣ, ನನ್ನ ಮೂಗಿಗೇ ಎಂತದೋ ಆಗಿದೆ ಅಂತ ಗ್ರಹಿಸಿದೆ. ಮರುದಿನ ನೀವು ತಲೆ ತಗ್ಗಿಸಿ ಕೂತದ್ದು ನೋಡಿ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ?"

"ನಾನಾದ್ರೆ ಎಲ್ಲಿಯಾದ್ರೂ ಗೋಣಿ ಹೊರ್ತೇನೆ. ಮೂಗು ಹೋಯ್ತು ಅಂತ ಗೊತ್ತಾದ್ರೆ ನಿಮ್ಮನ್ನು ಯಾರು ಇಟ್ಟುಕೊಳ್ತಾರೆ?"

ನಾಳೆ ಬೆಳಿಗ್ಗೆ ಈ ಕಾಗದವನ್ನು ಮೊದಲು ಪೋಸ್ಟಿಗೆ ಹಾಕುತ್ತೇನೆ, ಹಿಂದೆ ಸರಿಯಲು ದಾರಿ ಇರಬಾರದು. ಅಲ್ಲಿಂದ ನೇರ ಅಂಗಡಿಗೆ ಹೋಗಿ ಆ ಹಾಳೆಯನ್ನು ಇಳಿಸಿ ನಿನ್ನ ತಂದೆಗೆ ಎಲ್ಲವನ್ನೂ ಹೇಳುತ್ತೇನೆ. ಆಮೇಲೆ ಗೆರಸೆ ನನ್ನ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ನೀನು ಒಂದು ಉಪಕಾರ ಮಾಡು. ಮುಂದಿನ ಲೇಖನದಲ್ಲಿ ಪೊಕ್ಕಡೆಯನ್ನು ಗುರುತಿಸಿದವರ ಹೆಸರು ಹಾಕುವಾಗ ನನ್ನದು ಬೇಡ. ಅವನದು ಹಾಕು. ಅಕ್ಷರ ತಪ್ಪಬಾರದು ಮಗಾ: ನಿಝಾಮ್, ತೋಡಾರು.