ನೀರು ಬಿದ್ದ ಮೇಲೆ ಕಾಯಬಾರದ ಹಿಟ್ಟು

ಪ್ರೀತಿಯ ನರ್ಸಮ್ಮ,

ರಜೆಗೆಂದು ಬೊಂಬಾಯಿಗೆ ಹೋದ ನೀವು ಅಲ್ಲೇ ಜ್ವರದಲ್ಲಿ ತೀರಿಕೊಂಡಿರೆಂದು ನಿಮ್ಮ ತಂಗಿ ಮಳವಳ್ಳಿ ಆಸ್ಪತ್ರೆಗೆ ಕಾಗದ ಬರೆದು ಹತ್ತು ತಿಂಗಳಾಯಿತು. ನಿಮ್ಮ ಮನೆಯಲ್ಲೀಗ ಬೇರೆ ನರ್ಸು ಇದ್ದಾರೆ. ಒಳ್ಳೆಯವರೇ. ಆದರೆ ಅಲ್ಲಿಂದ ಖರ್ಜೂರ ಕುದಿಯುವ ವಾಸನೆ ಬರುವುದಿಲ್ಲ.

ಅಕ್ಕನ ಹೆರಿಗೆ ಮಾಡಿಸಿದ್ದಕ್ಕೆ ಅವ್ವ ನಿಮ್ಮನ್ನು ಊಟಕ್ಕೆ ಕರೆದದ್ದು ನೆನಪಿದೆಯೇ? ನಿಮ್ಮ ಧರ್ಮದ ಕ್ರಮದಲ್ಲಿ ಕುಯ್ದ ಕುರಿಯಲ್ಲವೆಂದು ನೀವು ಬಾಡು ಮುಟ್ಟದೆ, ಅನ್ನ ಮಜ್ಜಿಗೆ ಉಂಡು ಎದ್ದಿರಿ. ಯೆಹೂದ್ಯರೆಂದರೆ ಯಾರೆಂದು ನಮ್ಮ ಬೀದಿಗೆ ಏನು ಗೊತ್ತಿತ್ತು? "ನಮ್ಮನೆ ಬಾಡು ಬ್ಯಾಡ್ವಂತೆ ಕಣೆ ಆಯಮ್ಮಂಗೆ" ಎಂದು ಅವ್ವ ವರ್ಷವಿಡೀ ಆಡಿಕೊಂಡಳು.

ಸ್ಕೂಲು ಬಿಟ್ಟು ಅಲೆಯುತ್ತಿದ್ದ ನನ್ನನ್ನು ನಿಮ್ಮ ಹಬ್ಬದಡುಗೆಗೆ ಕರೆದಿರಿ. ಆ ಎಂಟು ದಿನ ಉಬ್ಬಿದ ಹಿಟ್ಟಿನದೇನೂ ತಿನ್ನಬಾರದು, ಗೋಧಿಹಿಟ್ಟಿಗೆ ನೀರು ಬಿತ್ತೆಂದರೆ ಅದು ಕಾಯಬಾರದು, ಕಲಸಿ, ಲಟ್ಟಿಸಿ, ಚುಚ್ಚಿ ಹಂಚಿಗೆ ಹಾಕಬೇಕು ಎಂದಿರಿ. ಜೀತದಿಂದ ಬಿಡಿಸಿಕೊಂಡು ಹೊರಟ ನಿಮ್ಮ ಹಿರಿಯರಿಗೆ ಹಿಟ್ಟು ಉಬ್ಬುವವರೆಗೆ ನಿಲ್ಲಲು ಪುರಸತ್ತಿರಲಿಲ್ಲವಂತೆ. "ಇದು ನಿನ್ನ ಹಬ್ಬ, ಜಯಾ. ಕೂತಲ್ಲಿ ಕೂರದವರದು" ಎಂದಿರಿ. ಮೇಷ್ಟರು ಬೈದು ಹೇಳುತ್ತಿದ್ದುದನ್ನೇ ನೀವು ಮೆಚ್ಚಿ ಹೇಳಿದಿರಿ. ಅದುವರೆಗೆ ನನಗೆ ಹಾಗೆ ಯಾರು...

ಹೋದ ವರ್ಷ ಹಬ್ಬದ ಬೆಳಿಗ್ಗೆ ನೀವು ಹೆರಿಗೆಗೆಂದು ಬೆಳಕವಾಡಿಗೆ ಹೋದಿರಿ. ನೀವು ಬರುವಷ್ಟರಲ್ಲಿ ಕೆಲಸ ಮುಗಿದಿರಲೆಂದು ಹಿಟ್ಟನ್ನೆಲ್ಲ ಕಲಸಿ, ಅವ್ವ ಕಲಿಸಿದಂತೆ ಒದ್ದೆ ಬಟ್ಟೆ ಮುಚ್ಚಿ ನೆನೆಯಲು ಬಿಟ್ಟೆ. ಹುಟ್ಟಿದಾಗಿನಿಂದ ನಾನು ತಾಳ್ಮೆ ತೋರಿದ್ದು ಅದೊಂದೇ ದಿನ! ಬಾಗಿಲಲ್ಲಿ ನಿಮ್ಮನ್ನು ಕಂಡಾಗಲೇ ನಿಮ್ಮ ಮಾತು ನೆನಪಾದದ್ದು. ಈಗತಾನೆ ಕಲಸಿದೆ ಎನ್ನಬಹುದಿತ್ತು. ಬೆಳಿಗ್ಗೆಯೇ ಕಲಸಿದ್ದು ಎಂದುಬಿಟ್ಟೆ.

ನಿಮ್ಮ ಎರಡು ತಿಂಗಳ ರೇಷನ್ನಿನಲ್ಲಿ ಉಳಿಸಿದ ಗೋಧಿ ಅದು. ನೀವು ಹೊಸ್ತಿಲಲ್ಲೇ ಕೂತಿರಿ. ಬೈಯುತ್ತೀರೆಂದು ಕಾದೆ. "ನೀನು ಹೇಳದೆ ಇದ್ದಿದ್ದರೆ ನಾನು ತಿಂದುಬಿಡುತ್ತಿದ್ದೆ. ಹೇಳಿದೆಯಲ್ಲ, ಸಾಕು. ಇದು ಈಗ ನನ್ನ ಮನೆಯಲ್ಲಿ ಇರಬಾರದು, ನಿಮ್ಮವ್ವನಿಗೆ ಕೊಡು" ಎಂದಿರಿ. ರೊಟ್ಟಿಯಿಲ್ಲದೆ ಅದೆಂಥ ಹಬ್ಬ ಎಂದು ನೀವು ಅನ್ನಲಿಲ್ಲ. ಹೊತ್ತು ಇಳಿಯುವ ಮೊದಲು ನಾನು ಅರ್ಧ ಸೇರು ಹೊಸ ಹಿಟ್ಟು ತಂದಾಗ ಎಲ್ಲಿಂದ ಎಂದೂ ಕೇಳಲಿಲ್ಲ. ನೀವು ಲಟ್ಟಿಸಿದಿರಿ, ನಾನು ಚುಚ್ಚಿದೆ, ಒಂದೂ ಉಬ್ಬಲಿಲ್ಲ. ನನ್ನ ರೊಟ್ಟಿಗೆ, ಜೀತದ ದಿನಗಳ ನೆನಪಿಗೆಂದು ಕಹಿ ಸೊಪ್ಪು ಇಟ್ಟು, ಮೇಲೆ ಖರ್ಜೂರದ ಪಾಕ ಧಾರಾಳವಾಗಿ ಸುರಿದಿರಿ. ಹಬ್ಬ ಹಾಳುಮಾಡಲು ಹೊರಟವಳಿಗೆ ಅಷ್ಟು ಸಿಹಿಯೇ?

ನೀವು ಕೇಳಿದ್ದರೆ ಸುಳ್ಳು ಹೇಳುತ್ತಿರಲಿಲ್ಲ. ಆ ಹೊಸ ಹಿಟ್ಟಿನ ಗೋಧಿ ಅವ್ವನದು. ಅಳಿಯನಿಗೆ ಹೋಳಿಗೆ ಮಾಡಲು ಎತ್ತಿಟ್ಟದ್ದು. ನನ್ನನ್ನು ಚೆನ್ನಾಗಿ ಉಗಿದು, ಆಮೇಲೆ ತಾನೇ ಬೀಸುಕಲ್ಲಿನ ಮುಂದೆ ಕೂತಳು. "ಬಿರ್ನೆ ಓಗು. ನಾ ಕೊಟ್ಟೆ ಅಂತ ಏಳ್ಬ್ಯಾಡ" ಎಂದಳು.

ಈ ಸಲ ಯುಗಾದಿ ಕಳೆದ ಮೇಲೆ ಅವ್ವನೇ "ಆಯಮ್ಮನ ಹಬ್ಬ ಯಾವಾಗ ಬತ್ತದೆ?" ಎಂದು ಕೇಳಿದಳು. ಹುಣ್ಣಿಮೆಗೆ ಎಂದೆ. ನಿನ್ನೆ ಇಬ್ಬರೂ ಸೇರಿ, ಹಿಟ್ಟನ್ನು ಒಂದು ಗಳಿಗೆಯೂ ಕಾಯಿಸದೆ ನಾಲ್ಕು ರೊಟ್ಟಿ ಸುಟ್ಟೆವು. ಅವ್ವ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

"ಉಪ್ಪೇ ಇಲ್ವಲ್ಲೆ" ಎಂದಳು. ಇನ್ನೊಂದು ಚೂರಿಗೆ ಕೈ ಚಾಚಿದಳು.

ನಿಮ್ಮ
ಜಯಾ